ಉಷ್ಣದ ತಲೆಗೆ ಕಟ್ಟಿದ ತುರಿಕೆ

ಯೋನಿಯ ಯೀಸ್ಟ್ ಸೋಂಕಿಗೆ ಕನ್ನಡದ ಮನೆಮಾತಿನಲ್ಲಿ ಪ್ರತ್ಯೇಕ ಹೆಸರಿಲ್ಲ. ಬಿಳಿ ಸೆರಗು, ಬಿಳಿ ಮುಟ್ಟು, ಬಿಳುಪು ಹೋಗುವುದು ಎಂಬ ಮಾತುಗಳೊಳಗೆ ಅದೂ ಸೇರಿಹೋಗಿದೆ. ಹೆಸರು ಒಂದೇ ಆದ್ದರಿಂದ ಕಾರಣವೂ ಒಂದೇ ಎಂದಾಗಿದೆ: ಮೈಯಲ್ಲಿ ಉಷ್ಣ ಜಾಸ್ತಿಯಾಗಿದೆ. ಕಾರಣ ಒಂದೇ ಆದಮೇಲೆ ಮದ್ದೂ ಒಂದೇ: ರಾತ್ರಿ ನೆನೆಸಿದ ಮೆಂತ್ಯ ಬೆಳಗ್ಗೆ ಬರಿಹೊಟ್ಟೆಗೆ, ಮಧ್ಯಾಹ್ನ ಎಳನೀರು, ನೆತ್ತಿಗೆ ಹರಳೆಣ್ಣೆ, ಮೊಟ್ಟೆ, ಕೋಳಿ, ಪರಂಗಿಹಣ್ಣು ಬಂದ್. ತುರಿಕೆಯಿಂದ ನಿದ್ದೆಗೆಟ್ಟ ಹೆಂಗಸಿಗೆ ಮನೆಯಲ್ಲೂ ನೆರೆಯಲ್ಲೂ ಸಿಗುವ ಸಲಹೆ ಇದೇ. ಪೇಟೆಯ ಓದಿದವರ ಮನೆಗಳಲ್ಲಿ ಇದೇ ಮಾತು ವೇಷ ಬದಲಿಸಿದೆ. ಉಷ್ಣದ ಜಾಗಕ್ಕೆ ‘ಹೈಜೀನ್’ ಬಂದಿದೆ, ಮೆಂತ್ಯದ ಜಾಗಕ್ಕೆ ಗುಲಾಬಿ ಬಣ್ಣದ ಬಾಟಲಿಯ ಇಂಟಿಮೇಟ್ ವಾಶ್. ಎರಡು ವಾದಗಳ ಬುಡವೂ ಒಂದೇ. ತಿನ್ನಬಾರದ್ದನ್ನು ತಿಂದಳು, ಇಲ್ಲವೇ ತೊಳೆಯಬೇಕಾದಷ್ಟು ತೊಳೆಯಲಿಲ್ಲ. ಹೇಗೂ ತಪ್ಪು ಅವಳದೇ. ತೊಂದರೆ ಇರುವ ಜಾಗವನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ತೊಂದರೆ ಕೊಡುವುದು ಕ್ಯಾಂಡಿಡಾ ಎಂಬ ಶಿಲೀಂಧ್ರ, ಬಹುಪಾಲು ಪ್ರಕರಣಗಳಲ್ಲಿ ಅದರ ಆಲ್ಬಿಕನ್ಸ್ ಎಂಬ ಜಾತಿ. ಡಚ್ ಸಂಶೋಧಕಿ ಕ್ರಿಸ್ಟೀನ್ ಬರ್ಕ್‌ಹೌಟ್ 1923ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಕ್ಯಾಂಡಿಡಾ ಎಂದರೆ ಬಿಳಿ, ಆಲ್ಬಿಕನ್ಸ್ ಎಂದರೆ ಬಿಳಿಯಾಗುತ್ತಿರುವುದು. ಬಿಳಿಯ ಮೇಲೆ ಬಿಳಿ ಬಳಿದಂಥ ಹೆಸರು. ಇದೇನೂ ಹೊರಗಿನಿಂದ ನುಗ್ಗಿದ ಶತ್ರುವಲ್ಲ. ಬಾಯಿ, ಕರುಳು, ಚರ್ಮದ ಮಡಿಕೆಗಳಲ್ಲಿ ಅದು ಸದ್ದಿಲ್ಲದೆ ಇದ್ದುಕೊಂಡಿರುತ್ತದೆ. ಯಾವ ತೊಂದರೆಯೂ ಇಲ್ಲದ ಹೆಂಗಸರಲ್ಲಿಯೂ ನೂರಕ್ಕೆ 10ರಿಂದ 20 ಮಂದಿಯ ಯೋನಿಯಲ್ಲಿ, ಹುಡುಕಿದರೆ, ಅದು ಸಿಗುತ್ತದೆ. ಅದರ ಜತೆಗೇ ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ದೊಡ್ಡ ಸಂಸಾರವೇ ಇರುತ್ತದೆ. ಜರ್ಮನಿಯ ಪ್ರಸೂತಿತಜ್ಞ ಆಲ್ಬರ್ಟ್ ಡೋಡರ್ಲೈನ್ ಅದನ್ನು 1892ರಲ್ಲಿ ವಿವರಿಸಿದರು. ಹಾಲನ್ನು ಮೊಸರಾಗಿಸುವ ಬಳಗಕ್ಕೇ ಸೇರಿದ ಜೀವಿಗಳು ಇವು. ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ಎಂಬ ಸಕ್ಕರೆ ಶೇಖರವಾಗುತ್ತದೆ. ಅದರಿಂದ ಲ್ಯಾಕ್ಟಿಕ್ ಆಮ್ಲ ತಯಾರಾಗಿ ಒಳಗಿನ ಪಿಎಚ್ 3.8ರಿಂದ 4.5ರ ನಡುವೆ, ಅಂದರೆ ಹುಳಿಯಾಗಿಯೇ, ಉಳಿಯುತ್ತದೆ. ದೋಸೆಹಿಟ್ಟು ಹುದುಗುವ ಪಾತ್ರೆಯಲ್ಲೂ ಹುಳಿ ಮಾಡುವ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಒಟ್ಟಿಗೇ ಇರುತ್ತವೆ. ಅಲ್ಲಿ ಯಾರೂ ಹಿಟ್ಟಿಗೆ ಕಾಯಿಲೆ ಬಂತು ಅನ್ನುವುದಿಲ್ಲ.

ಕಾಯಿಲೆ ಶುರುವಾಗುವುದು ಈ ಸಹವಾಸ ಕೆಟ್ಟಾಗ. ದುಂಡಗೆ ಸುಮ್ಮನಿದ್ದ ಯೀಸ್ಟ್ ಕೋಶಗಳು ಉದ್ದಕ್ಕೆ ಎಳೆ ಬಿಟ್ಟು ಒಳಪದರಕ್ಕೆ ತೂರಿಕೊಳ್ಳುತ್ತವೆ. 2016ರಲ್ಲಿ ಗುರುತಿಸಲಾದ ಕ್ಯಾಂಡಿಡಲೈಸಿನ್ ಎಂಬ ವಿಷಾಂಶವನ್ನು ಈ ಎಳೆಗಳು ಹೊರಬಿಡುತ್ತವೆ. ಅದಕ್ಕೆ ಎದುರಾಗಿ ದೇಹ ಬಿಳಿ ರಕ್ತಕಣಗಳನ್ನು ರಾಶಿಗಟ್ಟಲೆ ಕಳಿಸುತ್ತದೆ. ಕೆಂಪು, ಊತ, ಉರಿ, ತುರಿಕೆ, ಎಲ್ಲವೂ ಈ ಜಟಾಪಟಿಯ ಫಲ. ಅಂಗೈಯಗಲದ ಜಾಗದಲ್ಲಿ ನಡೆಯುವ ವ್ಯವಹಾರ ಇದು. ಮೈಯ ಒಟ್ಟು ಶಾಖಕ್ಕೂ ಇದಕ್ಕೂ ಸಂಬಂಧವಿಲ್ಲ. ಜ್ವರಮಾಪಕ ಇಟ್ಟರೆ ಎಂದಿನ ಅಂಕಿಯೇ ಬರುತ್ತದೆ. ನಿಜವಾಗಿ ಜ್ವರ ಕಾಣಿಸಿಕೊಂಡರೆ ಅದು ಯೀಸ್ಟ್ ಅಲ್ಲ, ಗರ್ಭಕೋಶಕ್ಕೋ ಮೂತ್ರಪಿಂಡಕ್ಕೋ ತಗಲಿದ ಇನ್ನೊಂದು ಸೋಂಕು ಎಂದು ಅನುಮಾನಿಸಬೇಕು.

ಉಷ್ಣವಾದಿಗಳು ಇದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡಿರುತ್ತಾರೆ: ಉಷ್ಣ ಎಂದರೆ ಥರ್ಮಾಮೀಟರಿನ ಶಾಖವಲ್ಲ, ಪ್ರಕೃತಿಯ ಗುಣ. ಸರಿ, ಆ ಅರ್ಥದಲ್ಲೇ ಪರೀಕ್ಷಿಸಿದರೂ ವಾದ ನಿಲ್ಲುವುದಿಲ್ಲ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹೆಂಗಸರಿಗೆ ಮುಖಕ್ಕೆ ಕಾವೇರುತ್ತದೆ, ನಡುರಾತ್ರಿ ಬೆವರಿ ಎದ್ದು ಕೂರುತ್ತಾರೆ. ಉಷ್ಣವೇ ಕಾರಣವಾಗಿದ್ದರೆ ಈ ಸೋಂಕು ಅವರಲ್ಲೇ ಅತಿ ಹೆಚ್ಚು ಇರಬೇಕಿತ್ತು. ಆಗುವುದು ತಿರುಗುಮುರುಗು. ಮುಟ್ಟು ನಿಂತು ಈಸ್ಟ್ರೋಜನ್ ಇಳಿದ ಮೇಲೆ ಗ್ಲೈಕೋಜನ್ ಕಡಿಮೆಯಾಗುತ್ತದೆ, ಯೀಸ್ಟ್ ಸೋಂಕೂ ಅಪರೂಪವಾಗುತ್ತದೆ. ಹಾರ್ಮೋನ್ ಚಿಕಿತ್ಸೆ ತೆಗೆದುಕೊಳ್ಳುವವರಲ್ಲಿ ಮತ್ತು ಮಧುಮೇಹಿಗಳಲ್ಲಿ ಮಾತ್ರ ಅದು ಮರಳಿ ಕಾಣಿಸಿಕೊಳ್ಳುತ್ತದೆ. ಮೈನೆರೆಯದ ಹುಡುಗಿಯರಲ್ಲೂ ಅಷ್ಟೇ, ಇಡೀ ದಿನ ಬಿಸಿಲಲ್ಲಿ ಆಡಿ ಬಂದರೂ ಈ ಸೋಂಕು ಅವರಿಗೆ ವಿರಳ. ಹೆಚ್ಚು ಕಾಡುವುದು ಗರ್ಭಿಣಿಯರನ್ನು, ಸಕ್ಕರೆ ಹತೋಟಿಯಲ್ಲಿಲ್ಲದವರನ್ನು, ಸ್ಟೀರಾಯ್ಡ್ ನುಂಗುವವರನ್ನು, ಈಚೆಗೆ ಆ್ಯಂಟಿಬಯಾಟಿಕ್ ಕೋರ್ಸ್ ಮುಗಿಸಿದವರನ್ನು. ಗಂಟಲುನೋವಿಗೆ ಐದು ದಿನ ಮಾತ್ರೆ ನುಂಗಿದವಳಿಗೆ ಆರನೆಯ ದಿನ ತುರಿಕೆ ಶುರುವಾದರೆ ‘ಮಾತ್ರೆಯ ಹೀಟು’ ಎನ್ನುವ ಮಾತು ತಟ್ಟನೆ ಬರುತ್ತದೆ. ಮಾತ್ರೆ ಹೀಟು ಮಾಡಲಿಲ್ಲ. ಗಂಟಲಿನ ಬ್ಯಾಕ್ಟೀರಿಯಾ ಜತೆಗೆ ಯೋನಿಯ ಲ್ಯಾಕ್ಟೋಬ್ಯಾಸಿಲಸ್ಸನ್ನೂ ಕೊಂದಿತು, ಬ್ಯಾಕ್ಟೀರಿಯಾದ ಔಷಧಿಗೆ ಜಗ್ಗದ ಯೀಸ್ಟಿಗೆ ಮೈದಾನ ಖಾಲಿ ಸಿಕ್ಕಿತು.

ಉಷ್ಣದ ಸಿದ್ಧಾಂತ ಇಷ್ಟು ಕಾಲ ಬಾಳಿರುವುದಕ್ಕೆ ಒಂದು ಕಾರಣವಿದೆ, ಅದನ್ನು ಒಪ್ಪಿಕೊಳ್ಳಬೇಕು. ಅದು ಕೆಲಸ ಮಾಡಿದಂತೆ ಕಾಣುತ್ತದೆ. ಯೀಸ್ಟ್ ಸೋಂಕಿನ ಕಾಟ ಸಾಮಾನ್ಯವಾಗಿ ಮುಟ್ಟಿಗೆ ಮುಂಚಿನ ವಾರದಲ್ಲಿ ಏರುತ್ತದೆ, ಮುಟ್ಟು ಶುರುವಾದ ಮೇಲೆ ಇಳಿಯುತ್ತದೆ. ತಡೆಯಲಾರದಷ್ಟು ಹೆಚ್ಚಾದಾಗ ಮೆಂತ್ಯ ನೆನೆಹಾಕಿದವಳಿಗೆ ನಾಲ್ಕೈದು ದಿನದಲ್ಲಿ ಮುಟ್ಟಾಗುತ್ತದೆ, ತುರಿಕೆ ತಗ್ಗುತ್ತದೆ, ಕೀರ್ತಿ ಮೆಂತ್ಯಕ್ಕೆ ಹೋಗುತ್ತದೆ. ಮುಂದಿನ ತಿಂಗಳು ಮತ್ತೆ ಬಂದರೆ ಅದು ಯಾರದೋ ಮದುವೆಯಲ್ಲಿ ತಿಂದ ಹೋಳಿಗೆಯ ಪಾಪ. ಬೇಸಿಗೆಯಲ್ಲಿ ಬೆವರಿ ಬಟ್ಟೆ ಅಂಟಿಕೊಂಡಾಗ ತೇವದಿಂದ ತುರಿಕೆ ಹೆಚ್ಚುವುದೂ ನಿಜ. ಅಲ್ಲಿ ಕೆಲಸ ಮಾಡುವುದು ತೇವ, ಹೆಸರು ಸಿಗುವುದು ಉಷ್ಣಕ್ಕೆ. ಉರಿ ಎನ್ನುವುದು ಅವಳ ಅನುಭವದ ಪ್ರಾಮಾಣಿಕ ವರ್ಣನೆ. ಆ ವರ್ಣನೆಯನ್ನೇ ಕಾರಣವೆಂದು ತಿರುಗಿಸಿ ಹೇಳಿದ್ದು ಸಿದ್ಧಾಂತದ ಕೈಚಳಕ. ಎಳನೀರು ಕುಡಿದರೆ ನಷ್ಟವೇನೂ ಇಲ್ಲ, ಬೇಸಿಗೆಯಲ್ಲಿ ಕುಡಿಯಲೇಬೇಕು. ನಷ್ಟ ಆಗುವುದು ಎಳನೀರಿನ ನೆಪದಲ್ಲಿ ಕಳೆದುಹೋಗುವ ಮೂರು ತಿಂಗಳಲ್ಲಿ. ಬಸುರಿಗೆ ಮೊಟ್ಟೆ ಬಿಡಿಸಿದಾಗಲಂತೂ ಆ ನಷ್ಟಕ್ಕೆ ಇನ್ನೊಂದು ಪಾಲು ಸೇರುತ್ತದೆ.

ಇದರ ಬೆನ್ನಿಗೇ ಇನ್ನೊಂದು ನಂಬಿಕೆ ಅಂಟಿಕೊಂಡಿದೆ: ಬಿಳುಪು ಹೋದರೆ ಮೂಳೆ ಕರಗಿ ಹೋಗುತ್ತದೆ, ಶಕ್ತಿ ಸೋರಿಹೋಗುತ್ತದೆ, ಸೊಂಟ ನೋಯುತ್ತದೆ, ಕಣ್ಣು ಗುಳಿಬೀಳುತ್ತದೆ. ಮೂಳೆ ಕರಗಿ ಯೋನಿಯಿಂದ ಹರಿಯಲು ದೇಹದಲ್ಲಿ ದಾರಿಯೇ ಇಲ್ಲ. ದಿನಕ್ಕೆ 1ರಿಂದ 4 ಮಿಲಿಲೀಟರಿನಷ್ಟು, ಅಂದರೆ ಒಂದು ಟೀ ಚಮಚದೊಳಗೆ, ಬಿಳಿ ಅಥವಾ ತಿಳಿಯಾದ ಸ್ರಾವ ಪ್ರಾಯದ ಹೆಂಗಸಿನಲ್ಲಿ ಸಹಜ. ತಿಂಗಳ ನಡುವೆ ಅಂಡ ಬಿಡುಗಡೆಯಾಗುವ ಹೊತ್ತಿಗೆ ಅದು ಮೊಟ್ಟೆಯ ಬಿಳಿಯಂತೆ ಎಳೆಎಳೆಯಾಗುತ್ತದೆ, ಬಸಿರಿನಲ್ಲಿ ಹೆಚ್ಚಾಗುತ್ತದೆ, ಒಳಉಡುಪಿನ ಮೇಲೆ ಒಣಗಿದಾಗ ತುಸು ಹಳದಿಗೆ ತಿರುಗುತ್ತದೆ. ತುರಿಕೆ, ಉರಿ, ವಾಸನೆ ಇಲ್ಲದ ಇಂಥ ಸ್ರಾವಕ್ಕೆ ಮದ್ದು ಬೇಕಿಲ್ಲ. ಸುಸ್ತು, ಸೊಂಟನೋವು ಮಾತ್ರ ಸುಳ್ಳಲ್ಲ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಸುಮಾರು 2,500 ಹೆಂಗಸರನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಬಿಳಿ ಸ್ರಾವದ ದೂರಿಗೆ ಸೋಂಕಿಗಿಂತ ಹೆಚ್ಚು ನಂಟು ಕಂಡುಬಂದದ್ದು ಮನಸ್ಸಿನ ಬೇಗುದಿ ಮತ್ತು ಬದುಕಿನ ಕಷ್ಟಗಳೊಡನೆ. ಇತ್ತ ಕರ್ನಾಟಕದಲ್ಲಿ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ. ಸುಸ್ತಿನ ಕಾರಣ ಎದುರಿಗೇ ಕೂತಿರುವಾಗ ಒಳಉಡುಪಿನ ಮೇಲಿನ ಕಲೆಯನ್ನು ಹಿಡಿದು ಕೂರುವುದು, ಕಬ್ಬಿಣದ ಮಾತ್ರೆಯಿಂದ ಸರಿಹೋಗಬಹುದಾದವಳನ್ನು ಹಾಗೇ ಬಿಟ್ಟಂತೆ.

ಇನ್ನು ಕೊಳಕಿನ ವಾದ. ಹೆಂಗಸಿನ ದೇಹ ತನ್ನಷ್ಟಕ್ಕೆ ಕೊಳಕು, ತೊಳೆದಷ್ಟೂ ಒಳ್ಳೆಯದು ಎಂಬ ಭಾವನೆಗೆ ಮಡಿ-ಮೈಲಿಗೆಯ ಹಳೆಯ ಬೇರಿದೆ, ಮಾರುಕಟ್ಟೆಯ ಹೊಸ ನೀರೂ ಸಿಕ್ಕಿದೆ. ಈ ವ್ಯಾಪಾರ ಹೊಸದೇನಲ್ಲ. ಅಮೆರಿಕದಲ್ಲಿ 1920ರ ದಶಕದಿಂದ 1950ರ ದಶಕದವರೆಗೆ ಲೈಸಾಲ್ ಎಂಬ ನೆಲ ಒರೆಸುವ ಕ್ರಿಮಿನಾಶಕವನ್ನೇ ‘ಸ್ತ್ರೀಯರ ನೈರ್ಮಲ್ಯ’ಕ್ಕೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಮಾರಲಾಯಿತು. ಹೆಂಗಸರು ಅದನ್ನು ನೀರಿಗೆ ಬೆರೆಸಿ ಒಳಗೆ ಹಾಯಿಸಿಕೊಂಡು ಸುಟ್ಟುಕೊಂಡರು, ಕೆಲವರು ವಿಷವೇರಿ ಸತ್ತರು. ಈಗಿನ ವಾಶ್‌ಗಳು ಅಷ್ಟು ಕ್ರೂರವಲ್ಲ, ಆದರೆ ತರ್ಕ ಅದೇ. ಯೋನಿ ತನ್ನನ್ನು ತಾನೇ ತೊಳೆದುಕೊಳ್ಳುವ ಅಂಗ, ಸ್ರಾವ ಇರುವುದೇ ಅದಕ್ಕೆ. ಒಳಗೆ ಸೋಪು, ಡೆಟಾಲ್ ಬೆರೆಸಿದ ನೀರು, ನಿಂಬೆರಸ, ವಿನಿಗರ್ ಹಾಯಿಸಿದರೆ ಲ್ಯಾಕ್ಟೋಬ್ಯಾಸಿಲಸ್ ತೊಳೆದುಹೋಗುತ್ತದೆ. ಹೊರಚರ್ಮ ಒಣಗಿ ಬಿರಿಯುತ್ತದೆ, ಸುಗಂಧದ್ರವ್ಯಕ್ಕೆ ಅಲರ್ಜಿಯಾಗಿ ಇನ್ನಷ್ಟು ತುರಿಸುತ್ತದೆ. ತುರಿಸಿತೆಂದು ಇನ್ನೂ ತೊಳೆಯುತ್ತಾಳೆ. ಹೊರಭಾಗಕ್ಕೆ ಬರೀ ನೀರು ಸಾಕು. ಪಿಎಚ್ ಸರಿಪಡಿಸುವ ಬಾಟಲಿ ಎಂಬ ಮಾತಿಗಂತೂ ಯೀಸ್ಟಿನ ಮಟ್ಟಿಗೆ ಅರ್ಥವೇ ಇಲ್ಲ. ಈ ಸೋಂಕಿನಲ್ಲಿ ಪಿಎಚ್ ಕೆಟ್ಟಿರುವುದೇ ಇಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಮುಖ್ಯ ಲಕ್ಷಣ ತುರಿಕೆ, ಅದೂ ಯೋನಿದ್ವಾರದ ಸುತ್ತ, ರಾತ್ರಿ ಹಾಸಿಗೆಯಲ್ಲಿ ಜೋರು. ಜತೆಗೆ ಉರಿ, ಕೆಂಪಾಗುವುದು, ಒಳತುಟಿಗಳು ಊದಿಕೊಳ್ಳುವುದು. ಕೆರೆದು ಕೆರೆದು ಚರ್ಮ ಬ್ಲೇಡಿನಿಂದ ಗೀರಿದಂತೆ ಸೀಳುವುದೂ ಉಂಟು. ಸಂಭೋಗ ನೋವಾಗುತ್ತದೆ. ಸ್ರಾವ ಇದ್ದರೆ ದಪ್ಪ, ಬಿಳಿ, ಒಡೆದ ಹಾಲಿನ ಗಟ್ಟಿಯಂತೆ ಹಳುಕುಹಳುಕಾಗಿ ಗೋಡೆಗೆ ಅಂಟಿಕೊಂಡಿರುತ್ತದೆ, ವಾಸನೆ ಇರುವುದಿಲ್ಲ. ಎಷ್ಟೋ ಜನರಲ್ಲಿ ಸ್ರಾವವೇ ಇರುವುದಿಲ್ಲ, ಬರೀ ತುರಿಕೆ. ಮೀನಿನಂಥ ವಾಸನೆ, ತೆಳ್ಳಗಿನ ಬೂದುಬಣ್ಣದ ಸ್ರಾವ ಇದ್ದರೆ ಅದು ಬ್ಯಾಕ್ಟೀರಿಯಲ್ ವೆಜಿನೋಸಿಸ್. ನೊರೆನೊರೆಯಾದ ಹಸಿರು-ಹಳದಿ ಸ್ರಾವ ಟ್ರೈಕೊಮೋನಾಸ್ ಎಂಬ, ಸಂಭೋಗದಿಂದ ಹರಡುವ ಪರೋಪಜೀವಿಯದಿರಬಹುದು. ಇವೆರಡರಲ್ಲೂ ಪಿಎಚ್ 4.5ನ್ನು ದಾಟಿರುತ್ತದೆ, ಎರಡಕ್ಕೂ ಔಷಧಿ ಬೇರೆ. ತೊಡೆಸಂದಿಯಿಂದ ಸುತ್ತುಸುತ್ತಾಗಿ ಅಂಚು ಎದ್ದು ಹರಡುವುದು ಹುಳುಕಡ್ಡಿ. ಮುಟ್ಟು ನಿಂತ ಹೆಂಗಸಿನಲ್ಲಿ ಚರ್ಮ ಬೆಳ್ಳಗೆ, ತೆಳ್ಳಗೆ, ಸುಕ್ಕಾಗಿ ವರ್ಷಗಟ್ಟಲೆ ತುರಿಸುತ್ತಿದ್ದರೆ ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗವನ್ನು ನೆನೆಯಬೇಕು. ಶಿಲೀಂಧ್ರದ ಮುಲಾಮಿನಿಂದ ಅದು ವಾಸಿಯಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಉರಿಮೂತ್ರ. ಔಷಧಿ ಅಂಗಡಿಯ ಮುಂದೆ ಒಬ್ಬ ಹೆಂಗಸು ಉಳಿದ ಗಿರಾಕಿಗಳು ಹೋಗಲಿ ಎಂದು ಬದಿಗೆ ನಿಂತಿರುತ್ತಾಳೆ. ಕೊನೆಗೆ ತಗ್ಗಿದ ದನಿಯಲ್ಲಿ, ‘ಅಣ್ಣಾ, ಉರಿಮೂತ್ರಕ್ಕೆ ಏನಾದ್ರೂ ಕೊಡಿ’ ಎನ್ನುತ್ತಾಳೆ. ತುರಿಕೆ ಎಂಬ ಮಾತು ಬಾಯಿಗೆ ಬರುವುದಿಲ್ಲ. ಅವನು ಮೂತ್ರ ತಿಳಿಮಾಡುವ ಸಿರಪ್ಪಿನ ಬಾಟಲಿ, ಆರು ಆ್ಯಂಟಿಬಯಾಟಿಕ್ ಮಾತ್ರೆ ಕತ್ತರಿಸಿ ಕಾಗದದ ಪೊಟ್ಟಣಕ್ಕೆ ಹಾಕುತ್ತಾನೆ, ‘ನೀರು ಜಾಸ್ತಿ ಕುಡೀರಿ ಅಕ್ಕ, ಹೀಟಾಗಿದೆ’ ಎಂದೂ ಸೇರಿಸುತ್ತಾನೆ. ಅವಳಿಗಿದ್ದದ್ದು ಮೂತ್ರಕೋಶದ ಸೋಂಕಲ್ಲ. ಸೀಳಿದ ಹೊರಚರ್ಮಕ್ಕೆ ಮೂತ್ರ ತಗಲಿ ಚುರುಗುಟ್ಟುತ್ತಿತ್ತು. ಮೂತ್ರ ಹೊರಗೆ ಬಂದು ಚರ್ಮಕ್ಕೆ ಸೋಕಿದ ಮೇಲೆ ಉರಿಯುತ್ತದೆಯೋ ಅಥವಾ ಒಳಗಿನಿಂದಲೇ ಉರಿಯುತ್ತ ಬರುತ್ತದೆಯೋ, ಹತ್ತು ನಿಮಿಷಕ್ಕೊಮ್ಮೆ ಹೋಗಬೇಕೆನಿಸುತ್ತದೆಯೋ ಎಂಬ ಎರಡು ಪ್ರಶ್ನೆ ಕೇಳಿದ್ದರೆ ವ್ಯತ್ಯಾಸ ತಿಳಿಯುತ್ತಿತ್ತು. ಕೇಳದೆ ಕೊಟ್ಟ ಆ್ಯಂಟಿಬಯಾಟಿಕ್ಕು ಉಳಿದಿದ್ದ ಲ್ಯಾಕ್ಟೋಬ್ಯಾಸಿಲಸ್ಸನ್ನೂ ಸವರಿಹಾಕುತ್ತದೆ. ವಾರ ಕಳೆದು ಅವಳು ಮತ್ತೆ ಬರುತ್ತಾಳೆ, ಈ ಸಲ ಇನ್ನೂ ‘ಸ್ಟ್ರಾಂಗ್’ ಮಾತ್ರೆಗೆ.

ಓದಿದ, ಇಂಟರ್ನೆಟ್ ಬಲ್ಲ ಹೆಂಗಸು ತಾನೇ ಪತ್ತೆಹಚ್ಚಿಕೊಳ್ಳುತ್ತಾಳೆ ಎಂಬ ಭರವಸೆಯೂ ಅಷ್ಟಕ್ಕಷ್ಟೇ. ಯೀಸ್ಟ್ ಸೋಂಕಿನ ಮುಲಾಮು ಚೀಟಿಯಿಲ್ಲದೆ ಸಿಗುವ ಅಮೆರಿಕದಲ್ಲಿ, ತಮಗೆ ಇದೇ ಸೋಂಕು ಎಂದು ತಾವೇ ಔಷಧಿ ಕೊಂಡ 95 ಹೆಂಗಸರನ್ನು ಪರೀಕ್ಷಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ನಿಜಕ್ಕೂ ಬರೀ ಯೀಸ್ಟ್ ಸೋಂಕು ಇದ್ದದ್ದು ಅವರಲ್ಲಿ ಮೂರನೇ ಒಂದು ಭಾಗದಷ್ಟು ಮಂದಿಗೆ. ಕೆಲವರಿಗೆ ಯಾವ ಸೋಂಕೂ ಇರಲಿಲ್ಲ. ಲಕ್ಷಣಗಳ ಪಟ್ಟಿ ಓದಿ ತೀರ್ಮಾನಿಸುವುದಕ್ಕೂ ಉಷ್ಣ ಎಂದು ತೀರ್ಮಾನಿಸುವುದಕ್ಕೂ ಭಾಷೆಯ ವ್ಯತ್ಯಾಸ ಇದೆಯೇ ಹೊರತು ನೋಡದಿರುವುದರಲ್ಲಿ ಎರಡೂ ಸಮ.

ನೋಡುವ ಕೆಲಸ ದೊಡ್ಡದೇನಲ್ಲ. ಹತ್ತಿ ಸುತ್ತಿದ ಕಡ್ಡಿಯಿಂದ ಸ್ರಾವದ ಒಂದು ತೊಟ್ಟನ್ನು ಗಾಜಿನ ಪಟ್ಟಿಗೆ ಸವರಿ, ಮೇಲೆ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟರೆ ದೇಹದ ಕೋಶಗಳು ಕರಗಿಹೋಗುತ್ತವೆ. ಶಿಲೀಂಧ್ರದ ಗೋಡೆ ಗಟ್ಟಿ, ಅದು ಕರಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಆಗ ಕಾಣುವುದು ನುಗ್ಗೆಕಾಯಿಯಂತೆ ಗಂಟುಗಂಟಾಗಿ ಉದ್ದಕ್ಕೆ ಸಾಗಿದ ಎಳೆಗಳು, ಗಂಟಿನ ಪಕ್ಕದಲ್ಲಿ ಮೊಗ್ಗಿನಂತೆ ಅಂಟಿದ ದುಂಡು ಕೋಶಗಳು. ಅದೇ ಸ್ರಾವದ ಇನ್ನೊಂದು ತೊಟ್ಟನ್ನು ಉಪ್ಪುನೀರಿನಲ್ಲಿ ನೋಡಿದರೆ ಟ್ರೈಕೊಮೋನಾಸ್ ಇದ್ದಲ್ಲಿ ಬಾಲ ಬಡಿಯುತ್ತ ಓಡಾಡುವುದು ಕಾಣುತ್ತದೆ. ಐದು ನಿಮಿಷದ, ಕೆಲವೇ ರೂಪಾಯಿಯ ಕೆಲಸ. ಸೂಕ್ಷ್ಮದರ್ಶಕ ಪ್ರತಿ ಸಲವೂ ಹಿಡಿದುಕೊಡುವುದಿಲ್ಲ; ಎಳೆ ಕಾಣಲಿಲ್ಲ, ಕಾಟ ಮಾತ್ರ ನಿಲ್ಲಲಿಲ್ಲ ಎಂದಾಗ ಸ್ರಾವವನ್ನು ಕಲ್ಚರಿಗೆ ಕಳಿಸಬೇಕು, ಎರಡು-ಮೂರು ದಿನದಲ್ಲಿ ಜಾತಿಯೂ ತಿಳಿಯುತ್ತದೆ.

ಇಷ್ಟಾದರೂ ವೈದ್ಯಕೀಯವೂ ನೋಡುವುದನ್ನು ಬಿಟ್ಟಿರುವುದು ಈ ಪ್ರಸಂಗದ ನಾಚಿಕೆಯ ಭಾಗ. ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಗಡ್‌ಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಶೇಕಡಾ 92ರಷ್ಟು ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೆ ಮುಂಚೆ ಯಾವಾಗಲಾದರೂ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇಕಡಾ 8 ಮಾತ್ರ. ಪ್ರಯೋಗಾಲಯ ಇಲ್ಲದ ಕಡೆಗೆಂದು ದೇಶದ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಬಣ್ಣದ ಕಿಟ್‌ಗಳನ್ನು ತಂದಿತು. ಯೋನಿಸ್ರಾವದ ದೂರಿಗೆ ಹಸಿರು ಕಿಟ್: ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೊನಜೋಲ್ 150 ಮಿಲಿಗ್ರಾಂ. ಮೂರು ಸೋಂಕುಗಳಿಗೂ ಒಟ್ಟಿಗೆ ಗುಂಡು. ಸೂಕ್ಷ್ಮದರ್ಶಕವೂ ಇಲ್ಲದ ಪ್ರಾಥಮಿಕ ಕೇಂದ್ರದಲ್ಲಿ ಇದು ಕರುಣೆಯ ಕ್ರಮ, ಅದರ ಮೇಲೆ ಹರಿಹಾಯುವುದು ತಪ್ಪು. ಅದೇ ಪದ್ಧತಿಯನ್ನು ಸ್ಕ್ಯಾನಿಂಗ್ ಯಂತ್ರ, ಸುಸಜ್ಜಿತ ಲ್ಯಾಬ್ ಎರಡೂ ಇರುವ ನಗರದ ಖಾಸಗಿ ಕ್ಲಿನಿಕ್ಕಿನಲ್ಲಿ, ಮೇಜಿನ ಈಚೆಯಿಂದಲೇ ಚೀಟಿ ಬರೆದು ಪಾಲಿಸುವುದಕ್ಕೆ ಮಾತ್ರ ಸಮರ್ಥನೆ ಇಲ್ಲ.

ಶಮನದ ವಿಷಯಕ್ಕೆ ಬಂದರೆ ಸುದ್ದಿ ಒಳ್ಳೆಯದೇ. ಇದಕ್ಕೆ ಮದ್ದಿಲ್ಲದ ಕಾಲವೂ ಇತ್ತು. ಆಗ ಜೆಂಶನ್ ವಯೊಲೆಟ್ ಎಂಬ ನೇರಳೆ ಬಣ್ಣವನ್ನು ಒಳಗೆಲ್ಲ ಬಳಿದು ಹೆಂಗಸರನ್ನು ಮನೆಗೆ ಕಳಿಸುತ್ತಿದ್ದರು. ಆ್ಯಂಟಿಬಯಾಟಿಕ್‌ಗಳು ಬಳಕೆಗೆ ಬಂದು ಶಿಲೀಂಧ್ರದ ಸೋಂಕು ಹೆಚ್ಚಿದಾಗ, ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಮಣ್ಣಿನ ಜೀವಿಗಳಲ್ಲಿ ಮದ್ದು ಹುಡುಕಲು ಹೊರಟರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಾದರಿಗಳು ಅಂಚೆಯಲ್ಲಿ ಹೋಗಿಬರುತ್ತಿದ್ದವು. ವರ್ಜೀನಿಯಾದ ಒಂದು ತೋಟದ ಮಣ್ಣಿನಲ್ಲಿ ಸಿಕ್ಕ ಮದ್ದನ್ನು 1950ರಲ್ಲಿ ಪ್ರಕಟಿಸಿ, ತಮ್ಮ ರಾಜ್ಯದ ಹೆಸರು ಸೇರಿಸಿ ನಿಸ್ಟಾಟಿನ್ ಎಂದು ಕರೆದರು. ಅದರ ಗೌರವಧನವನ್ನೆಲ್ಲ ಸಂಶೋಧನೆಗೇ ಬಿಟ್ಟುಕೊಟ್ಟರು. ಆಮೇಲೆ ಬಂದದ್ದು ಕ್ಲೋಟ್ರಿಮಜೋಲ್ ಮೊದಲಾದ ಅಜೋಲ್ ಔಷಧಿಗಳು. ಕೋರ್ಸ್ ಮುಗಿಸಿದ ನೂರರಲ್ಲಿ 80–90 ಮಂದಿಗೆ ಇವುಗಳಿಂದ ಗುಣವಾಗುತ್ತದೆ.

ಸಾಧಾರಣ ಸೋಂಕಿಗೆ ವೈದ್ಯರು ಎರಡರಲ್ಲಿ ಒಂದನ್ನು ಬರೆಯುತ್ತಾರೆ: ಫ್ಲುಕೊನಜೋಲ್ 150 ಮಿಲಿಗ್ರಾಂನ ಒಂದೇ ಮಾತ್ರೆ ಬಾಯಿಗೆ, ಅಥವಾ ಕ್ಲೋಟ್ರಿಮಜೋಲ್ ಯೋನಿಮಾತ್ರೆ, 500 ಮಿಲಿಗ್ರಾಂ ಆದರೆ ಒಂದು ರಾತ್ರಿ, 100 ಮಿಲಿಗ್ರಾಂ ಆದರೆ ಆರೇಳು ರಾತ್ರಿ. ಹೊರಚರ್ಮದ ತುರಿಕೆಗೆ ಶೇಕಡಾ 1ರ ಕ್ಲೋಟ್ರಿಮಜೋಲ್ ಮುಲಾಮು ಬೇರೆ. ಯೋನಿಮಾತ್ರೆಯನ್ನು ಮಲಗುವ ಮುನ್ನ, ಮಂಡಿ ಮಡಿಸಿ ಮಲಗಿಕೊಂಡು, ಆದಷ್ಟು ಒಳಕ್ಕೆ ಇಟ್ಟುಕೊಳ್ಳಬೇಕು. ಬೆಳಗ್ಗೆ ಎದ್ದಾಗ ಬಿಳಿ ಸುಣ್ಣದಂಥ ಪುಡಿ ಹೊರಬಂದರೆ ಅದು ಕರಗಿದ ಮಾತ್ರೆಯ ಉಳಿಕೆ, ಕಾಯಿಲೆ ಹೆಚ್ಚಾದದ್ದಲ್ಲ. ಇದನ್ನು ಮೊದಲೇ ಯಾರೂ ಹೇಳಿರುವುದಿಲ್ಲವಾದ್ದರಿಂದ ಎಷ್ಟೋ ಜನ ಎರಡನೇ ದಿನಕ್ಕೇ ಮದ್ದು ಬಿಡುತ್ತಾರೆ. ತುರಿಕೆ ಎರಡು-ಮೂರು ದಿನದಲ್ಲಿ ಇಳಿಯತೊಡಗುತ್ತದೆ, ಪೂರ್ತಿ ನಿಲ್ಲಲು ವಾರ ಬೇಕಾಗಬಹುದು. ಆ ಮಧ್ಯೆ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಹೊರಗೆ ಒತ್ತಿಟ್ಟುಕೊಳ್ಳುವುದು, ಮೂತ್ರಕ್ಕೆ ಹೋಗುವಾಗ ಮೇಲಿಂದ ನೀರು ಸುರಿದುಕೊಳ್ಳುವುದು, ತೊಳೆದ ಮೇಲೆ ಉಜ್ಜದೆ ಒತ್ತಿ ಒರೆಸುವುದು, ಸಡಿಲ ಹತ್ತಿಬಟ್ಟೆ, ರಾತ್ರಿ ಒಳಉಡುಪಿಲ್ಲದೆ ಮಲಗುವುದು ಹಾಯೆನಿಸುತ್ತವೆ. ತಂಪು ಬೇಕಾದದ್ದು ಈ ಜಾಗಕ್ಕೇ, ನೆತ್ತಿಗಲ್ಲ. ಮುಲಾಮು ಮತ್ತು ಯೋನಿಮಾತ್ರೆ ಕಾಂಡೋಮಿನ ರಬ್ಬರನ್ನು ಶಿಥಿಲ ಮಾಡುತ್ತವೆ ಎಂಬುದು ನೆನಪಿರಬೇಕು.

ಗರ್ಭಿಣಿಗೆ ಬಾಯಿಗೆ ಕೊಡುವ ಫ್ಲುಕೊನಜೋಲ್ ಸಲ್ಲದು; ಯೋನಿಯಲ್ಲಿಡುವ ಅಜೋಲ್ ಏಳು ದಿನ, ಅದೂ ವೈದ್ಯರ ಮಾತಿನ ಮೇಲೆ. ರಕ್ತ ತೆಳುಮಾಡುವ ವಾರ್ಫರಿನ್, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ನುಂಗುತ್ತಿರುವವರು ಫ್ಲುಕೊನಜೋಲಿಗೆ ಮೊದಲು ಅದನ್ನು ಹೇಳಲೇಬೇಕು, ಏಕೆಂದರೆ ಅವುಗಳ ಪರಿಣಾಮವನ್ನು ಇದು ಏರಿಸುತ್ತದೆ. ಮೊಸರು, ಬೆಳ್ಳುಳ್ಳಿ, ಟೀ ಟ್ರೀ ಎಣ್ಣೆಯನ್ನು ಒಳಗಿಡುವ ಉಪಾಯಗಳಿಂದ ಗುಣವಾಗುವ ಭರವಸೆಯಿಲ್ಲ. ಮೊಸರಿನ ಲ್ಯಾಕ್ಟೋಬ್ಯಾಸಿಲಸ್ ಬಳಗ ಒಂದೇ ಆದರೂ ಅಲ್ಲಿ ಬೇರೂರುವ ಜಾತಿ ಬೇರೆ, ಬೆಳ್ಳುಳ್ಳಿ ಮತ್ತು ಎಣ್ಣೆ ಸುಡುತ್ತವೆ. ಇವೆಲ್ಲಕ್ಕಿಂತ ಅಪಾಯದ್ದು ಅಂಗಡಿಯಲ್ಲಿ ‘ತುರಿಕೆ ಟ್ಯೂಬ್’ ಎಂದು ಸಿಗುವ, ಶಿಲೀಂಧ್ರನಾಶಕಕ್ಕೆ ಬಲವಾದ ಸ್ಟೀರಾಯ್ಡ್ ಬೆರೆಸಿದ ಮುಲಾಮು. ಒಂದೇ ದಿನದಲ್ಲಿ ತುರಿಕೆ ಮಾಯ, ಹಾಗಾಗಿ ಮೆಚ್ಚುಗೆ ಅದಕ್ಕೇ. ಒಳಗೆ ಶಿಲೀಂಧ್ರ ಹಾಯಾಗಿ ಬೆಳೆಯುತ್ತದೆ, ಚರ್ಮ ಕಾಗದದಂತೆ ತೆಳುವಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ 14ನ್ನು ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಕೌಂಟರಿನ ಮೇಲೆ ಅವು ಇಂದಿಗೂ ಸಲೀಸಾಗಿ ಸಿಗುತ್ತವೆ.

ಇದು ಗಂಡನಿಂದ ಬಂದ ರೋಗವೋ ಎಂಬ ಅನುಮಾನಕ್ಕೂ, ನಡತೆಯ ಪ್ರಶ್ನೆಗೂ ಇಲ್ಲಿ ಜಾಗವಿಲ್ಲ. ಸಂಭೋಗವೇ ಇಲ್ಲದವರಿಗೂ ಬರುತ್ತದೆ. ಸಂಗಾತಿಗೆ ತುರಿಕೆ, ಕೆಂಪು ಇದ್ದರೆ ಮಾತ್ರ ಅವನಿಗೆ ಮದ್ದು.

ಜೀವಮಾನದಲ್ಲಿ ನಾಲ್ವರಲ್ಲಿ ಮೂವರು ಹೆಂಗಸರಿಗೆ ಒಮ್ಮೆಯಾದರೂ ಬರುವ ಈ ಸೋಂಕು ಕೆಲವರಿಗೆ ವರ್ಷಕ್ಕೆ ಮೂರು-ನಾಲ್ಕು ಸಲ ಮರುಕಳಿಸುತ್ತದೆ. ಆಗ ಮೊದಲು ನೋಡಬೇಕಾದ್ದು ರಕ್ತದ ಸಕ್ಕರೆ. ಸಕ್ಕರೆ ಕಾಯಿಲೆಗೆ ಈಗ ಹೇರಳವಾಗಿ ಬರೆಯುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಸಿಹಿಮೂತ್ರ ಹಾಯುವ ಜಾಗದಲ್ಲಿ ಯೀಸ್ಟ್ ಚಿಗುರುವುದು ಅವುಗಳ ಗೊತ್ತಿರುವ ಅಡ್ಡಪರಿಣಾಮ. ಮಾತ್ರೆಯನ್ನು ತಾನಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೇ ತುರಿಕೆಯ ಸಂಗತಿ ತಿಳಿಸಬೇಕು. ಮರುಕಳಿಸುವ ಆಲ್ಬಿಕನ್ಸಿಗೆ ಫ್ಲುಕೊನಜೋಲನ್ನು ಮೂರು ದಿನಕ್ಕೊಮ್ಮೆಯಂತೆ ಮೂರು ಸಲ, ಬಳಿಕ ವಾರಕ್ಕೊಂದರಂತೆ ಆರು ತಿಂಗಳು ಕೊಡುವ ಕ್ರಮವಿದೆ. ಕಲ್ಚರಿನಲ್ಲಿ ಗ್ಲಾಬ್ರಾಟಾ ಎಂಬ ಜಾತಿ ಬಂದರೆ ಫ್ಲುಕೊನಜೋಲಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ. ಬೋರಿಕ್ ಆಮ್ಲದ 600 ಮಿಲಿಗ್ರಾಂ ಕ್ಯಾಪ್ಸೂಲನ್ನು 14 ರಾತ್ರಿ ಯೋನಿಯಲ್ಲಿಡಬೇಕಾಗುತ್ತದೆ. ನುಂಗಿದರೆ ಅದು ವಿಷ, ಬಸಿರಿನಲ್ಲಿ ನಿಷಿದ್ಧ. ಮೊದಲ ಸಲ ಬಂದದ್ದಾದರೆ, ಗರ್ಭಿಣಿಯಾದರೆ, ಕಿಬ್ಬೊಟ್ಟೆ ನೋವು, ಜ್ವರ, ರಕ್ತ, ಹುಣ್ಣು, ದುರ್ವಾಸನೆ ಇದ್ದರೆ, ವಾರದೊಳಗೆ ಇಳಿಯದಿದ್ದರೆ ವೈದ್ಯರ ಬಳಿ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ತುರಿಕೆ ನಿಂತು ಚರ್ಮ ಮೊದಲಿನಂತಾದ ಮೇಲೆ ಮತ್ತೆ ಸ್ರಾವದ ಪರೀಕ್ಷೆ ಬೇಕಿಲ್ಲ. ಆಗಲೂ ನಾಲ್ಕಾರು ಯೀಸ್ಟ್ ಕೋಶಗಳು ಅಲ್ಲಿ ಸಿಕ್ಕಾವು, ಒಳಉಡುಪಿನ ಮೇಲೆ ದಿನದ ಬಿಳುಪೂ ಕಂಡೀತು. ಎರಡಕ್ಕೂ ಮದ್ದಿಲ್ಲ, ಮೆಂತ್ಯವೂ ಬೇಡ.